ಹನ್ನೊಂದು ದಿನದ ಹಿರಿತನ

ಕಳೆದ ವಾರ ನಾವು ತರಕಾರಿ ಬೆಳೆಯುವ ನೆಲದ ತುಂಡುಗಳಿಗೆ ಚೀಟಿ ಎತ್ತಿದರು. ಟೋಕಿಯೋದ ಪಕ್ಕದ ವಾಕೋದಲ್ಲಿ ನಮ್ಮ ಅಪಾರ್ಟ್‌ಮೆಂಟುಗಳ ಹಿಂದೆ ಒಂದು ಹೊಲವಿದೆ. ಊರಿನ ಆಡಳಿತದವರು ಅದನ್ನು ನಾಲ್ಕು ಚಾಪೆ ಹಾಸುವಷ್ಟು ಅಗಲದ ತುಂಡುಗಳಾಗಿ ಮಾಡಿ, ನಂಬರು ಹಾಕಿ, ನಮ್ಮಂಥ ಮಣ್ಣಿನ ಹುಚ್ಚಿನವರಿಗೆ ಕೊಡುತ್ತಾರೆ. ಒಂಬತ್ತನೇ ನಂಬರಿನದು ಒಂದು ವರ್ಷ ಖಾಲಿ ಬಿದ್ದಿತ್ತು. ಈ ಸಲ ಹೊಸದಾಗಿ ಮದುವೆಯಾದ ಜೋಡಿಯೊಂದಕ್ಕೆ ಹೋಯಿತು. ಹುಡುಗ ಟೊಮೆಟೊ ಹಾಕುತ್ತಾನಂತೆ. "ಒಳ್ಳೇ ಮಣ್ಣು, ಏನು ಹಾಕಿದರೂ ಬರುತ್ತೆ" ಎಂದು ಹೇಳಿ ಮನೆಗೆ ಬಂದೆ. ಬಂದವಳು ಅಡಿಗೆಗೂ ಏಳದೆ ಸುಮ್ಮನೆ ಕುಳಿತೆ. ಅದು ಅಜ್ಜಿಯ ತುಂಡು.

ಅಜ್ಜಿಯ ಹೆಸರು ಬರೆಯುವುದಿಲ್ಲ. ಅವರ ಊರಿನಲ್ಲಿ ಹೆಸರು ಅಚ್ಚಾಗುವುದು ಎರಡೇ ಕಾರಣಕ್ಕಂತೆ, ಒಂದೋ ಸತ್ತಿರಬೇಕು, ಇಲ್ಲವೇ ಕಳ್ಳತನ ಮಾಡಿ ಸಿಕ್ಕಿಬಿದ್ದಿರಬೇಕು. ಅವರೂ ನನ್ನ ಹೆಸರನ್ನು ಒಮ್ಮೆಯೂ ಹಿಡಿದು ಕರೆದವರಲ್ಲ. ನಾಲ್ಕು ಅಕ್ಷರದ ನನ್ನ ಹೆಸರು ಅವರ ನಾಲಿಗೆಗೆ ಹತ್ತಲಿಲ್ಲ. 'ಇಂದೋ-ಸಾನ್' ಎಂದು ಕರೆದರು, ಇಂಡಿಯಾದವಳೇ ಎಂಬ ಅರ್ಥದಲ್ಲಿ. ನನಗೆ ಅದೇ ಅಭ್ಯಾಸವಾಯಿತು. ಗಂಡ ಸಂಶೋಧನಾ ಸಂಸ್ಥೆಯಿಂದ ಫೋನು ಮಾಡಿ ನನ್ನ ಹೆಸರು ಹಿಡಿದು ಕರೆದರೆ ಯಾರನ್ನೋ ಕೇಳುತ್ತಿದ್ದಾರೆ ಅನ್ನಿಸುವಷ್ಟು.

ನಮ್ಮ ಪರಿಚಯವಾದದ್ದು ಒಂದು ಅನ್ಯಾಯದಿಂದ. ಬಂದ ಮೊದಲ ವಸಂತದಲ್ಲಿ ನಾನು ಹತ್ತನೇ ನಂಬರಿನಲ್ಲಿ ಮೆಂತ್ಯ ಬಿತ್ತಿದ್ದೆ. ಹಾಸನದಿಂದ ಅಮ್ಮ ಕಳಿಸಿದ ಬೀಜ. ಗೇಣುದ್ದ ಬಂದು, ನಾಳೆ ಕೀಳೋಣ, ಬೇಳೆ ಹಾಕಿ ಹುಳಿ ಮಾಡೋಣ ಎಂದು ಲೆಕ್ಕ ಹಾಕಿಕೊಂಡು ಮಲಗಿದ್ದೆ. ಬೆಳಿಗ್ಗೆ ಹೋಗಿ ನೋಡಿದರೆ ನೆಲ ಬೋಳು. ಒಂದು ಕಡ್ಡಿಯೂ ಇಲ್ಲ. ಅಷ್ಟೇ ಅಲ್ಲ, ಮಣ್ಣನ್ನು ಹದ ಮಾಡಿ, ಬದು ಕಟ್ಟಿ, ಮೇಲೆ ಹುಲ್ಲು ಹಾಸಿ ಬೇರೆ ಇಟ್ಟಿದ್ದರು. ಪಕ್ಕದ ತುಂಡಿನ ಮುದುಕಿ, ಪರದೇಶದ ಹೆಂಗಸಿಗೆ ಕಳೆ ಕೀಳುವುದು ಗೊತ್ತಿಲ್ಲ ಪಾಪ ಎಂದುಕೊಂಡು, ಉಪಕಾರ ಮಾಡಿದ್ದರು. ಮೆಂತ್ಯದ ಎಲೆ ಇಲ್ಲಿನ ಒಂದು ಕಳೆಯನ್ನು ಹಾಗೆಯೇ ಹೋಲುತ್ತದೆ, ಅದು ನಿಜ. ಆದರೆ ಆ ಕ್ಷಣದಲ್ಲಿ ನನಗೆ ಬಂದ ಸಿಟ್ಟು ಸಸ್ಯಶಾಸ್ತ್ರ ಕೇಳುವಂಥದ್ದಾಗಿರಲಿಲ್ಲ. ಹರಕು ಜಪಾನಿಯಲ್ಲಿ ಕೂಗಾಡಿದೆ.

ಅವತ್ತು ಸಂಜೆ ಅವರು ನಮ್ಮ ಬಾಗಿಲಿಗೆ ಬಂದು ಬಗ್ಗಿ ಕ್ಷಮೆ ಕೇಳಿದರು, ಕೈಯಲ್ಲಿ ಮೂಲಂಗಿ. ಮಾರನೇ ದಿನ ಮತ್ತೆ ಬಂದರು, ಮೂಲಂಗಿ. ಮೂರನೇ ದಿನವೂ ಬಂದಾಗ ನಾನೇ ಕೈ ಹಿಡಿದು ಒಳಗೆ ಕರೆದು ಕೂರಿಸಿದೆ. ಡಬ್ಬಿಯಲ್ಲಿ ಉಳಿದಿದ್ದ ಒಣ ಮೆಂತ್ಯದ ಸೊಪ್ಪು ಹಾಕಿ ಚಪಾತಿ ಮಾಡಿಕೊಟ್ಟೆ. ಒಂದು ಚೂರು ಬಾಯಿಗಿಟ್ಟು, ಕಣ್ಣು ಮುಚ್ಚಿ, ಬಹಳ ಹೊತ್ತು ಅಗಿದು ಅಜ್ಜಿ ಹೇಳಿದ ಮಾತು ಇದು:

"ಅಯ್ಯೋ, ಎಂಥಾ ಕಹಿನವ್ವಾ! ನಾನು ಕಿತ್ತಿದ್ದೇ ಸರಿ ಆಯ್ತು."

ಅವರ ಮಾತನ್ನು ನಾನು ಹೀಗೇ ಬರೆಯುತ್ತೇನೆ. ನಾನು ಕ್ಲಾಸಿಗೆ ಹೋಗಿ ಕಲಿತದ್ದು ಪುಸ್ತಕದ ಜಪಾನಿ. ಅಜ್ಜಿಯದು ಈಶಾನ್ಯದ ಕರಾವಳಿಯ ಹಳ್ಳಿ ಜಪಾನಿ, ಅರ್ಧ ಅಕ್ಷರ ನುಂಗಿ ಇನ್ನರ್ಧ ಎಳೆಯುವಂಥದ್ದು. ಟೋಕಿಯೋದವರಿಗೇ ಅರ್ಥವಾಗದೆ 'ಹಾಂ?' ಎನ್ನುತ್ತಿದ್ದರು. ನನ್ನ ಕಿವಿಗೆ ಮಾತ್ರ ಅದು ನಮ್ಮಜ್ಜಿಯ ಊರಿನ ಮಾತಿನ ಹಾಗೆ ಕೇಳಿಸುತ್ತಿತ್ತು. ಹಾಗಾಗಿ ಅವರು ನನ್ನ ತಲೆಯೊಳಗೆ ಇವತ್ತಿಗೂ ಚನ್ನರಾಯಪಟ್ಟಣದ ಕಡೆಯವರ ಥರವೇ ಮಾತಾಡುತ್ತಾರೆ.

ಅವರು ವಾಕೋಗೆ ಬಂದದ್ದು ಇಷ್ಟಪಟ್ಟಲ್ಲ. ಭೂಕಂಪವಾದ ಮಾರನೇ ದಿನ, ಅಣುಸ್ಥಾವರ ಕೆಟ್ಟು ವಿಕಿರಣ ಸೋರಿದ ಕಾರಣಕ್ಕೆ, ಅವರ ಊರಿನವರನ್ನೆಲ್ಲ ಬಸ್ಸು ಹತ್ತಿಸಿದರು. ಎರಡು ದಿನದಲ್ಲಿ ವಾಪಸು ಎಂದಿದ್ದರಂತೆ. ಅಜ್ಜಿ ಒಲೆಯ ಮೇಲಿನ ಪಾತ್ರೆ ಇಳಿಸಿ, ಹಲ್ಲಿನ ಸೆಟ್ಟು ಮತ್ತು ಒಂದು ಟವಲು ತೆಗೆದುಕೊಂಡು ಹೊರಟರು. ಒಂದು ಶಾಲೆಯ ಜಿಮ್, ಇನ್ನೊಂದು ಶಾಲೆಯ ಜಿಮ್, ತಗಡಿನ ಮನೆ, ಕೊನೆಗೆ ಸರ್ಕಾರದವರು ಹುಡುಕಿಕೊಟ್ಟ ಈ ವಾಕೋದ ಒಂದೂವರೆ ಕೋಣೆ. ಗಂಡ ಭೂಕಂಪಕ್ಕೆ ಮುಂಚೆಯೇ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಗಂಡನ ಅಣ್ಣನ ಮಗನೊಬ್ಬ ಸೆಂದಾಯಿಯಲ್ಲಿದ್ದ. ಹೊಸ ವರ್ಷಕ್ಕೆ ತಪ್ಪದೆ ಕಾರ್ಡು ಕಳಿಸುತ್ತಿದ್ದ.

ವರ್ಷಕ್ಕೆ ಕೆಲವು ಸಲ ಮುಚ್ಚಿದ ಪ್ರದೇಶದ ಮನೆಗೆ ಹೋಗಿಬರಲು ಬಿಡುತ್ತಿದ್ದರು. ಬಿಳಿ ಕಾಗದದ ಅಂಗಿ, ಮಾಸ್ಕು, ಕೈಗವಸು, ಎಣಿಸಿದ ಎರಡು ಗಂಟೆ. ಜನ ಫೋಟೋ, ಒಡವೆ, ದಸ್ತಾವೇಜು ಹುಡುಕಿ ತರುತ್ತಾರೆ. ಅಜ್ಜಿ ಮೊದಲ ಸಲ ಹೋದವರು ಪೂಜೆಗಿಟ್ಟಿದ್ದ, ಗಂಡನ ಹೆಸರು ಕೆತ್ತಿದ ಮರದ ಹಲಗೆಯೊಂದನ್ನು ಎತ್ತಿಟ್ಟುಕೊಂಡು, ಉಳಿದ ಅಷ್ಟೂ ಹೊತ್ತು ಅಂಗಳ ಗುಡಿಸಿದ್ದರು. ಹಂದಿಗಳು ನುಗ್ಗಿ ಉಳುಮೆ ಮಾಡಿದ್ದ ಅಂಗಳ.

"ಎರಡು ಗಂಟೇನೂ ಕಸ ಗುಡಿಸಿದ್ರಾ?" ಎಂದು ನಾನು ಬಾಯಿ ಬಿಟ್ಟೆ.

"ಇನ್ನೇನ್ ಮತ್ತೆ? ಹೋಗಿದ್ದೇ ಹೋಗಿದ್ದು, ಗುಡಿಸ್ದೆ ಬರಾಕಾಯ್ತದಾ? ರಸ್ತೆ ಮ್ಯಾಲೆ ಹೋಗೋರು ಏನಂದ್ಕೊಂತಾರೆ?"

ಆ ರಸ್ತೆಯ ಮೇಲೆ ಹೋಗುವವರು ಯಾರೂ ಇರಲಿಲ್ಲ.

ಅವರ ಕೆಲವು ಕಟ್ಟಳೆಗಳಿದ್ದವು. ಫೋನು ಬಂದರೆ ಕೈ ತೊಳೆದುಕೊಂಡು ಎತ್ತಬೇಕು. ಬದನೆಕಾಯಿ ಕೀಳುವ ಮುಂಚೆ ಅದಕ್ಕೆ ಒಂದು ಮಾತು ಹೇಳಬೇಕು, ಜೋರಾಗಿ ಅಲ್ಲದಿದ್ದರೂ. ಯಾರಾದರೂ ಏನಾದರೂ ಕೊಟ್ಟರೆ ಬೇಡ ಎನ್ನುವುದು ಎರಡೇ ಸಲ. "ಮೂರ್ನೇ ಸಲ ಬ್ಯಾಡ ಅಂದ್ರೆ ಅದು ಮರ್ವಾದೆ ಅಲ್ಲ ಕಣವ್ವ, ಸೊಕ್ಕು." ಈ ಒಂದು ಮಾತಿನಿಂದ ನಮ್ಮ ಮನೆಗೆ ಬಂದ ಮೂಲಂಗಿಗೆ ಲೆಕ್ಕವಿಲ್ಲ. ನನ್ನ ಗಂಡ ಮೂಲಂಗಿ ಹುಳಿಯ ಹೆಸರು ಕೇಳಿದರೆ ಲ್ಯಾಬಿನಲ್ಲಿ ಕೆಲಸವಿದೆ ಎನ್ನುವ ಹಂತಕ್ಕೆ ಬಂದರು.

ನಮ್ಮ ಪರಿಚಯದ ಆರನೇ ವರ್ಷದ ಚಳಿಗಾಲದಲ್ಲಿ ಅಜ್ಜಿ ಸೊರಗತೊಡಗಿದರು. ಬೆನ್ನು ನೋವು ಎನ್ನುತ್ತಿದ್ದರು. ಬೆನ್ನಲ್ಲ, ಹೊಟ್ಟೆಯೊಳಗಿನದು, ಕೈಮೀರಿದೆ ಎಂದು ಆಸ್ಪತ್ರೆಯಲ್ಲಿ ಹೇಳಿದರು. ಸೆಂದಾಯಿಯ ಹುಡುಗ ಬಂದಿದ್ದ. ಡಾಕ್ಟರು ಅವನನ್ನು ಕಾರಿಡಾರಿಗೆ ಕರೆದು ಒಂದು ತಿಂಗಳು ಎಂದರು. ಅಜ್ಜಿ ಕೋಣೆಯೊಳಗಿಂದಲೇ ಕೇಳಿಸಿಕೊಂಡು, ನನ್ನ ಕಡೆ ತಿರುಗಿ, "ಒಂದು ತಿಂಗ್ಳು ಅಂದ್ರೆ ಈರುಳ್ಳಿ ಸಸಿ ನಾಟಿ ನಾನು ನೋಡಾಕಿಲ್ಲ, ನೀನೇ ಮಾಡು" ಎಂದರು. ನಾನು ಅತ್ತೆ. ಅವರಿಗೆ ಅದು ಹಿಡಿಸಲಿಲ್ಲ.

ಮರುದಿನ ಹೋದಾಗ ಉಯಿಲು ಬರೆಸಬೇಕು ಎಂದು ಕುಳಿತಿದ್ದರು. ಇಲ್ಲಿ ನೋಟರಿ ಹಾಸಿಗೆಯ ಹತ್ತಿರವೇ ಬಂದು ಬರೆದುಕೊಳ್ಳುತ್ತಾನೆ. ಇಬ್ಬರು ಸಾಕ್ಷಿ ಬೇಕು. ಒಬ್ಬರನ್ನು ನೋಟರಿಯೇ ಕರೆತರುತ್ತಾನೆ, ಇನ್ನೊಬ್ಬಳು ನಾನು.

"ಆದ್ರೆ ಒಂದು ಮಾತವ್ವ. ಸಾಕ್ಷಿ ಆದೋಳಿಗೆ ಉಯಿಲಲ್ಲಿ ಏನೂ ಕೊಡಂಗಿಲ್ವಂತೆ. ಕಾನೂನು. ಯೋಚ್ನೆ ಮಾಡಿ ಹೇಳು."

"ಅಯ್ಯೋ, ನನಗೇನೂ ಬೇಡ ಅಜ್ಜಿ."

"ಒಂದು," ಎಂದರು.

"ನಿಜವಾಗ್ಲೂ ಬೇಡ."

"ಎರಡು."

ನಾನು ಬಾಯಿ ಮುಚ್ಚಿಕೊಂಡೆ. ಅವರು ದಿಂಬಿನ ಕೆಳಗಿಂದ ಟವಲಿನಲ್ಲಿ ಸುತ್ತಿದ್ದ ಕುಡುಗೋಲು ತೆಗೆದು ನನ್ನ ಕೈಯಲ್ಲಿಟ್ಟರು. ಆಸ್ಪತ್ರೆಯ ವಾರ್ಡಿನಲ್ಲಿ ಹರಿತವಾದ ಕುಡುಗೋಲು ಹೇಗೆ ಬಂತು, ನರ್ಸುಗಳ ಕಣ್ಣು ಹೇಗೆ ತಪ್ಪಿತು, ನನಗಿನ್ನೂ ತಿಳಿಯದು. ಬದುಕಿರುವಾಗ ಕೈಯಾರೆ ಕೊಟ್ಟದ್ದಕ್ಕೆ ಕಾನೂನು ಏನೂ ಅನ್ನುವುದಿಲ್ಲವಂತೆ. ಅದನ್ನೂ ವಿಚಾರಿಸಿಟ್ಟಿದ್ದರು. ನಾನು ಅದನ್ನು ಮಫ್ಲರಿನಲ್ಲಿ ಸುತ್ತಿ ರೈಲಿನಲ್ಲಿ ಮನೆಗೆ ತಂದೆ.

ನೋಟರಿ ಬಂದರು. ಕಪ್ಪು ಸೂಟಿನ, ಮೆಲುದನಿಯ ಮನುಷ್ಯ. ಬ್ಯಾಂಕಿನದು, ಜಮೀನಿನದು ಎಲ್ಲ ಅಣ್ಣನ ಮಗನಿಗೆ, ಎರಡು ನಿಮಿಷದಲ್ಲಿ ಮುಗಿಯಿತು. ಅವರು ಪೆನ್ನಿನ ಕ್ಯಾಪು ಹಾಕಲು ಹೋದರು.

"ತಡೀರಿ, ಈಗ ಸುರು," ಎಂದರು ಅಜ್ಜಿ.

ಅಲ್ಲಿಂದ ಮುಂದಿನ ಮುಕ್ಕಾಲು ಗಂಟೆಯನ್ನು ನಾನು ಮರೆಯಲಾರೆ. ಅಜ್ಜಿ ಕಣ್ಣು ಮುಚ್ಚಿಕೊಂಡು, ತಮ್ಮ ಮುಚ್ಚಿಹೋದ ಮನೆಯ ಬಾಗಿಲು ತೆರೆದು ಒಳಗೆ ಹೋದರು. ಅಡಿಗೆಮನೆ, ಬಲಗಡೆ ಗೋಡೆ, ಎರಡನೇ ಮೊಳೆ: ಬಿದಿರಿನ ಜರಡಿ, ಅದು ಕೆರೆಯ ಪಕ್ಕದ ಮನೆಯವರ ಸೊಸೆಗೆ. ಅದರ ಕೆಳಗಿನ ಕಪಾಟು: ನೀಲಿ ಹೂವಿನ ಐದು ತಟ್ಟೆ, ಒಂದರ ಅಂಚು ಮುರಿದಿದೆ, ಮುರಿದದ್ದನ್ನೂ ಸೇರಿಸಿ ಪೋಸ್ಟಿನವನ ಹೆಂಡತಿಗೆ. ಕೊಟ್ಟಿಗೆ: ಒಳ್ಳೆಯ ಗುದ್ದಲಿ ಮೇಲಿನ ಮನೆಯವನಿಗೆ, ಸವೆದ ಗುದ್ದಲಿ ಅವನ ತಮ್ಮನಿಗೆ, "ಅವ್ನು ಎಂಗೂ ಕೆಲ್ಸ ಮಾಡಾಕಿಲ್ಲ." ಹನ್ನೊಂದು ಮನೆಯ ಹಟ್ಟಿ ಅದು. ಈಗ ಅವರು ಹನ್ನೊಂದು ಊರುಗಳಲ್ಲಿದ್ದಾರೆ. ಒಬ್ಬರನ್ನೂ ಬಿಡದೆ ಹೇಳುತ್ತ ಹೋದರು.

ನೋಟರಿ ಕೆಮ್ಮಿದರು. "ಇವೆಲ್ಲ ಮುಚ್ಚಿದ ಪ್ರದೇಶದೊಳಗಿವೆಯಲ್ಲ, ಹೊರಗೆ ತರಲು ಬಿಡುತ್ತಾರೋ ಇಲ್ಲವೋ. ತಂದರೂ ಅವರು ಬಳಸುವುದು..."

"ಬಳಸೋದು ಬುಡೋದು ಅವರಿಷ್ಟ. ನಾನು ಯಾರನ್ನೂ ಮರ್ತಿಲ್ಲ ಅಂತ ಗೊತ್ತಾಗ್ಬೇಕಲ್ಲಪ್ಪ."

ನೋಟರಿ ಮತ್ತೆ ಬರೆಯತೊಡಗಿದರು. ಆಮೇಲೆ ಅವರ ಅಕ್ಷರ ದೊಡ್ಡದಾಯಿತು ಎಂದು ನನಗನ್ನಿಸಿತು.

"ಅಂಗಳದ ಚಪ್ಪರದ ಕೆಳ್ಗೆ," ಎಂದರು ಅಜ್ಜಿ, "ಕಲ್ಲಿನ ಒರಳು. ಒಂದು."

"ಯಾರಿಗೆ?"

ಅಜ್ಜಿ ಕಣ್ಣು ತೆರೆದರು.

"ಆ ಸಾಲು ಬಿಟ್ಟುಬಿಡೋಣವೇ?"

"ಬ್ಯಾಡ."

"ಹಾಗಾದರೆ ಹೆಸರು ಹೇಳಬೇಕಾಗುತ್ತದೆ."

ಅಜ್ಜಿ ಮತ್ತೆ ಕಣ್ಣು ಮುಚ್ಚಿಕೊಂಡರು. ಕಾದು ಕಾದು, ಮುಂದಿನ ವಾರ ಬಂದು ಮುಗಿಸುತ್ತೇನೆ ಎಂದು ನೋಟರಿ ಎದ್ದರು. ಮುಗಿಯದ ಉಯಿಲಿಗೆ ಬೆಲೆಯಿಲ್ಲ, ಬೇಗ ಮನಸ್ಸು ಮಾಡಿಸಿ ಎಂದು ಹೊರಗೆ ನನಗೊಂದು ಮಾತು ಹೇಳಿ ಹೋದರು.

ಎರಡು ದಿನ ಬಿಟ್ಟು ಕಾಲು ಒತ್ತುತ್ತ ಕೇಳಿದೆ, ಒರಳು ಯಾರಿಗೆ ಅಜ್ಜಿ ಎಂದು. ಆಗ ಹೊರಗೆ ಬಂತು.

ಅವರ ಮನೆಯೆದುರು, ರಸ್ತೆ ದಾಟಿದರೆ, ಒಬ್ಬಾಕೆಯ ಮನೆ. ಇಬ್ಬರೂ ಒಂದೇ ವರ್ಷ ಹುಟ್ಟಿದವರು, ಇಬ್ಬರೂ ತಂತಮ್ಮ ತಂದೆತಾಯಿಗೆ ಒಬ್ಬೊಬ್ಬಳೇ ಮಗಳು. ಇಬ್ಬರ ಮನೆಗೂ ಮನೆಯಳಿಯ ಬಂದ. ಹೀಗಾಗಿ ಹುಟ್ಟಿದಾಗಿನಿಂದ ಎದುರುಬದುರು. ವರ್ಷದ ಕೊನೆಗೆ ಅಂಟಕ್ಕಿ ಬೇಯಿಸಿ, ಒರಳಿಗೆ ಹಾಕಿ ಕುಟ್ಟಿ ಮೋಚಿ ಮಾಡುತ್ತಾರೆ. ಒರಳು ಅಜ್ಜಿಯ ಅಂಗಳದಲ್ಲಿ, ಕುಟ್ಟುವ ಮರದ ಕೊಡತಿ ಎದುರುಮನೆಯಲ್ಲಿ. ಎದುರುಮನೆಯಾಕೆ ಕುಟ್ಟಬೇಕು, ಎರಡು ಏಟಿನ ನಡುವೆ ಅಜ್ಜಿ ಒದ್ದೆ ಕೈ ಹಾಕಿ ಹಿಟ್ಟು ತಿರುವಬೇಕು. ಅಷ್ಟು ವರ್ಷದಲ್ಲಿ ಒಂದು ಸಲವೂ ಬೆರಳಿಗೆ ಪೆಟ್ಟು ಬಿದ್ದಿರಲಿಲ್ಲವಂತೆ.

ಭೂಕಂಪವಾದ ಎರಡು ವರ್ಷಕ್ಕೆ ಅಧಿಕಾರಿಗಳು ಹೊಸ ನಕ್ಷೆ ತಂದು ತಗಡಿನ ಮನೆಗಳ ಗೋಡೆಗೆ ಅಂಟಿಸಿದರು. ಮುಚ್ಚಿದ ಪ್ರದೇಶದ ಗೆರೆಯನ್ನು ಇಬ್ಬರ ಮನೆಯ ನಡುವಿನ ಆ ರಸ್ತೆಯ ಮೇಲೇ ಎಳೆದಿದ್ದರು. ಎದುರುಮನೆಯ ಕಡೆಯವರು ಊರಿಗೆ ಮರಳಬಹುದು. ಅಜ್ಜಿಯ ಕಡೆಗೆ ಬೇಲಿ. ನಕ್ಷೆಯ ಮುಂದೆ ನಿಂತು ಅಜ್ಜಿ ಹೇಳಿದರು: "ನೀನೇ ಪುಣ್ಯವಂತೆ, ನಿನ್ ಮನೇಗೆ ನೀನು ಹೋಯ್ತೀಯ." ಆಕೆ ಹೇಳಿದರು: "ನೀನು ಪುಣ್ಯವಂತೆ. ನಿನಗೆ ಪರಿಹಾರ, ನಿನಗೆ ಪಟ್ಟಣ. ನಾನು ಹೋಗಿ ಯಾರ ಮುಖ ನೋಡ್ಲಿ? ಅಂಗ್ಡಿ ಇಲ್ಲ, ಡಾಕ್ಟ್ರಿಲ್ಲ, ಎದ್ರುಗೆ ಬೇಲಿ." ಅಷ್ಟೇ. ಆಮೇಲೆ ಮಾತಿಲ್ಲ. ಬೈದುಕೊಂಡು ಮಾತು ಬಿಟ್ಟವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಒಬ್ಬರನ್ನೊಬ್ಬರು ಪುಣ್ಯವಂತೆ ಎಂದುಕೊಂಡು ಬಿಟ್ಟವರನ್ನು ಬೇರೆಲ್ಲೂ ಕಾಣೆ.

"ಹಾಗಾದ್ರೆ ಒರಳು ಅವರಿಗೇ ಬರೆಸಿ," ಎಂದೆ.

"ಆಗಾಕಿಲ್ಲ. ಅವ್ಳು ನನಗಿಂತ ದೊಡ್ಡೋಳು."

ಇಲ್ಲಿ ಸತ್ತವರ ನೆನಪಿನ ವಸ್ತುಗಳನ್ನು ನಲವತ್ತೊಂಬತ್ತು ದಿನ ಕಳೆದ ಮೇಲೆ ಬೇಕಾದವರಿಗೆ ಹಂಚುವ ಪದ್ಧತಿಯಿದೆ. ಹಿರಿಯರದು ಕಿರಿಯರಿಗೆ ಹೋಗಬೇಕು. ಸತ್ತ ಕಿರಿಯರ ವಸ್ತುವನ್ನು ಹಿರಿಯರಿಗೆ ಕೊಟ್ಟರೆ ಅವಮಾನ ಮಾಡಿದ ಹಾಗೆ. ಪಟ್ಟಣದಲ್ಲಿ ಈಗ ಯಾರೂ ಅಷ್ಟು ನೋಡುವುದಿಲ್ಲ. ಅಜ್ಜಿ ಪಟ್ಟಣದವರಲ್ಲ.

"ಎಷ್ಟು ದೊಡ್ಡೋರು?"

"ಹನ್ನೊಂದು ದಿನ."

ನಾನು ನಕ್ಕುಬಿಟ್ಟೆ. ಅಜ್ಜಿ ನಗದೆ ಗದರಿದರು: ಹನ್ನೊಂದು ದಿನ ಅಂದರೆ ನೀನು ಏನೆಂದುಕೊಂಡೆ, ಶಾಲೆಗೆ ಹೋಗುವಾಗ ಅವಳು ಮುಂದೆ, ನಾನು ಹಿಂದೆ. ಸ್ನಾನದ ಮನೆಗೆ ಅವಳು ಮೊದಲು. ಹೊಸ ಮೋಚಿಯ ಮೊದಲ ತುತ್ತು ಅವಳ ಬಾಯಿಗೆ. ಎಂಟು ದಶಕ ಅವಳನ್ನು 'ನೇಸಾನ್', ಅಕ್ಕ ಎಂದು ಕರೆದಿದ್ದೇನೆ. ಈಗ ಸಾಯುವಾಗ ನನ್ನ ಕಲ್ಲು ತಗೋ ಎಂದು ಅವಳ ಮುಂದೆ ಎಸೆಯಲೇ?

"ನಮ್ಮ ಕಡೆ ಇಷ್ಟೆಲ್ಲ ನೋಡಲ್ಲ ಅಜ್ಜಿ."

"ನಿಮ್ ಕಡೆ ಸಣ್ಣೋರ ಕಾಲಿಗೆ ದೊಡ್ಡೋರು ಬೀಳ್ತಾರಾ?"

"...ಇಲ್ಲ."

"ಮತ್ತೆ?"

ಕೈಗೆ ಸಿಗುವ ಸಾಮಾನಾಗಿದ್ದರೆ ಕುಡುಗೋಲಿನ ಹಾಗೆ ಬದುಕಿರುವಾಗಲೇ ಕೈಯಾರೆ ಕೊಡಬಹುದಿತ್ತು. ಬೇಲಿಯೊಳಗಿನ, ನಾಲ್ಕು ಗಂಡಸರು ಎತ್ತಬೇಕಾದ ಕಲ್ಲನ್ನು ಹೇಗೆ ಕೊಡುವುದು? ಅದು ಉಯಿಲಿನಿಂದಲೇ ಹೋಗಬೇಕು, ಉಯಿಲಿನಿಂದ ಆಕೆಗೆ ಹೋಗುವ ಹಾಗಿಲ್ಲ. ಬೇರೆ ಯಾರಿಗಾದರೂ ಬರೆಸಿ ಎಂದರೆ, "ಅದು ಅರ್ಧ ಸಾಮಾನು ಕಣವ್ವ, ಇನ್ನರ್ಧ ಅವ್ಳ ಮನೇಲೈತೆ" ಎಂದು ಗೋಡೆಯ ಕಡೆ ತಿರುಗಿದರು. ಒಂದು ಫೋನಾದರೂ ಮಾಡಿ ಎಂದೆ. ಅವಳು ಮಾಡಿದರೆ ಮಾಡುತ್ತೇನೆ ಎಂದರು. ತಲೆ ಚಿಟ್ಟುಹಿಡಿಯಿತು.

ಇನ್ನೊಬ್ಬರ ವಿಷಯದಲ್ಲಿ ಮೂಗು ತೂರಿಸಬೇಡ ಎಂದು ನನಗೆ ಚಿಕ್ಕಂದಿನಿಂದ ಹೇಳಿದವರು ಬಹಳ ಜನ. ಸೆಂದಾಯಿಯ ಹುಡುಗನಿಂದ ನಂಬರು ತೆಗೆದುಕೊಂಡು ಆವತ್ತು ಮಧ್ಯಾಹ್ನವೇ ಎದುರುಮನೆಗೆ ಫೋನು ಮಾಡಿದೆ. ನಾನು ಯಾರು, ಅಜ್ಜಿಗೆ ಏನಾಗಿದೆ, ಒರಳಿನ ಹೆಸರಿಲ್ಲದ ಸಾಲು, ಎಲ್ಲ ಹೇಳಿದೆ.

"ಅವ್ಳೇ ಮಾಡ್ಸಿದ್ದಾ ಈ ಫೋನು?"

"ಇಲ್ಲ, ನಾನೇ ಮಾಡಿದ್ದು."

"ಅವ್ಳು ಕರೀದೆ ನಾನು ಎಂಗೆ ಬರ್ಲಿ?"

"ರೈಲಲ್ಲಿ ಬನ್ನಿ!" ಎಂದೆ. ಸಿಟ್ಟು ನೆತ್ತಿಗೇರಿತ್ತು. "ಅವರಿಗೆ ಇನ್ನು ಮೂರು ವಾರ ಅಷ್ಟೇ. ಹನ್ನೊಂದು ದಿನದ ಹಿರಿತನ ಇಟ್ಕೊಂಡು ನೀವೇನು ಮಾಡ್ತೀರಿ?"

ಫೋನು ಕಟ್ಟಾಯಿತು.

ಸಂಜೆ ಗಂಡನಿಗೆ ಹೇಳಿದೆ. "ನಿನಗ್ಯಾಕೆ ಬೇಕಿತ್ತು? ಇಟ್ಸ್ ಬಿಟ್ವೀನ್ ದೆಮ್, ಅಲ್ವಾ? ಎಂಬತ್ತು ದಾಟಿದವರಿಗೆ ಫೋನಲ್ಲಿ ಕೂಗಾಡಿದ್ಯಾ?" ಎಂದರು. ಕೂಗಾಡಿದ್ದೆ. ಹಾಳುಮಾಡಿಬಿಟ್ಟೆ ಎಂದು ಮೂರು ದಿನ ಅಜ್ಜಿಯ ಮುಖ ನೋಡಲು ಅಂಜಿಕೆಯಾಯಿತು. ಅವರಿಗೆ ಹೇಳಲೂ ಇಲ್ಲ. ಅಷ್ಟರಲ್ಲಿ ಅವರು ಗಂಜಿ ಬಿಟ್ಟಿದ್ದರು. ನೋಟರಿ ಬರುವ ದಿನ ಬೆಳಿಗ್ಗೆ ಕೂದಲು ಬಾಚಿಸಿಕೊಂಡು, "ಇವತ್ತು ಆ ಸಾಲು ಹೊಡ್ದಾಕ್ಸಿಬುಡ್ತೀನಿ, ಮುಗೀಲಿ" ಎಂದರು. ಅವರ ಬಾಯಲ್ಲಿ 'ಮುಗೀಲಿ' ಎಂಬ ಮಾತನ್ನು ನಾನು ಅದೇ ಮೊದಲು ಕೇಳಿದ್ದು.

ಹತ್ತೂವರೆಗೆ ಬಾಗಿಲಲ್ಲಿ ಒಬ್ಬ ಮುದುಕಿ ನಿಂತಿದ್ದರು. ಗುಬ್ಬಿಯಷ್ಟು ಚಿಕ್ಕ ಮೈ, ಬೆನ್ನಿಗೆ ಬ್ಯಾಗು, ಕೈಯಲ್ಲಿ ಊರುಗೋಲು. ಕತ್ತಲಿರುವಾಗಲೇ ಹೊರಟು ಮೂರು ರೈಲು ಬದಲಿಸಿ ಬಂದಿದ್ದರು. ಅಜ್ಜಿ ನೋಡಿದರು. ಅವರೂ ನೋಡಿದರು. ನಮಸ್ಕಾರ, ಹೇಗಿದ್ದೀಯ, ಒಂದೂ ಇಲ್ಲ. ಕುರ್ಚಿ ಎಳೆದುಕೊಂಡು ಕುಳಿತರು.

"ನಿನ್ ಅಂಗಳದಾಗೆ ಹಂದಿ ಮರಿ ಹಾಕೈತೆ," ಎಂದರು ಬಂದವರು.

"ಎಷ್ಟು?"

"ಐದು."

"ಚಪ್ಪರ ಬಿದ್ದೈತಾ?"

"ಒಂದು ಕಡೆ. ಅಡಿಗೆಮನೆ ಕಿಟಕೀಲಿ ನಿಂತ್ರೆ ಬೇಲಿ ಸಂದಿಂದ ಒರಳು ಕಾಣ್ತದೆ. ದಿನಾ ನೋಡ್ತೀನಿ."

ಅಜ್ಜಿ ಹೊದಿಕೆಯ ಅಂಚನ್ನು ಹಿಡಿದುಕೊಂಡರು. "ಅದು ನಿನಗೆ ಬರ್ಸಾಕಾಗಕಿಲ್ಲ ನೇಸಾನ್, ನೀನು ದೊಡ್ಡೋಳು" ಎಂದರು. ಅಷ್ಟೂ ವರ್ಷದ ಮೇಲೆ ಆ 'ನೇಸಾನ್' ಅಷ್ಟು ಸಲೀಸಾಗಿ ಬಾಯಿಗೆ ಬಂದಿತ್ತು.

ಬಂದವರು ಊರುಗೋಲನ್ನು ಮಂಚಕ್ಕೆ ಒರಗಿಸಿದರು.

"ಕೇಳು. ನಾನು ಹುಟ್ಟಿದ ದಿನ ನಮ್ಮವ್ವಂಗೆ ಹಾಲು ಬರ್ಲಿಲ್ಲ. ನಾನು ಅತ್ತೂ ಅತ್ತೂ ಸಾಯಂಗಾಗಿದ್ನಂತೆ. ರಸ್ತೆ ದಾಟಿ ನಿಮ್ಮವ್ವ ಬಂದು ಎದೆಗೆ ಹಾಕ್ಕೊಂಡು ಕುಡಿಸಿದ್ಲು."

"ಗೊತ್ತು. ಅವ್ವ ಯಾವಾಗ್ಲೂ ಹೇಳೋಳು."

"ನೀನು ಅವ್ಳಿಗೆ ಹುಟ್ಟಿದ ಒಂದೇ ಕೂಸು. ನೀನು ಹುಟ್ಟದೆ ಅವ್ಳಿಗೆ ಹಾಲೆಲ್ಲಿಂದ ಬಂತು?"

ಅಜ್ಜಿ ಹೊದಿಕೆ ಬಿಟ್ಟು ಅವರ ಕಡೆ ವಾಲಿದರು.

"ಕುಯಿಲಿನ ಕಾಲ. ನಿಮ್ಮಪ್ಪ ಆಫೀಸಿಗೆ ಹೋಗಿ ನಿನ್ನ ಹೆಸ್ರು ಬರ್ಸಿದ್ದೇ ತಡವಾಗಿ. ನಮ್ಮಪ್ಪ ಅವತ್ತೇ ಹೋಗಿ ಬರ್ಸಿದ. ಕಾಗದದಾಗೆ ನಾನು ದೊಡ್ಡೋಳಾದೆ. ನಮ್ಮವ್ವ ಸಾಯೋವಾಗ ನನ್ಗೆ ಹೇಳಿದ್ಲು. ಆಗ ನಮಗೆ ನಲವತ್ತಾಗಿತ್ತು. ನಲವತ್ತು ವರ್ಷ ಅಕ್ಕ ಅನ್ನಿಸ್ಕೊಂಡಿದ್ದೆ, ಬುಟ್ಟುಕೊಡಾಕೆ ಮನಸ್ಸು ಬರ್ಲಿಲ್ಲ. ಇನ್ನೂ ನಲವತ್ತು ವರ್ಷ ಸುಮ್ಕಿದ್ದೆ."

ಇದು ನಿಜವೋ, ರೈಲಿನಲ್ಲಿ ಕುಳಿತು ಕಟ್ಟಿದ್ದೋ, ನನಗೆ ಗೊತ್ತಿಲ್ಲ. ಆಮೇಲೂ ನಾನು ಕೇಳಲಿಲ್ಲ. ಕೇಳಬೇಕೆನ್ನಿಸಲೂ ಇಲ್ಲ. ಅಜ್ಜಿ ಮಾತ್ರ ಆ ಸೊರಗಿದ ಮೈಯಲ್ಲಿ ಎಲ್ಲಿತ್ತೋ ಅಷ್ಟು ಶಕ್ತಿ, ಮಂಚ ಅಲುಗುವ ಹಾಗೆ ಎದ್ದು ಕುಳಿತರು.

"ಕಳ್ಳಿ! ಎಂಬತ್ತು ವರ್ಷ ನನ್ನನ್ನ ಹಿಂದೆ ನಡೆಸಿದ್ಯಲ್ಲೇ!"

"ನಡೆಸ್ದೆ."

"ಮೊದಲ್ನೇ ಮೋಚಿ ಎಲ್ಲಾ ನೀನೇ ತಿಂದೆ!"

"ತಿಂದೆ."

ಇಬ್ಬರೂ ನಕ್ಕರು. ನಗುತ್ತ ನಗುತ್ತ ಅಜ್ಜಿಗೆ ಕೆಮ್ಮು ಹತ್ತಿತು, ಬಂದವರು ಬೆನ್ನು ಸವರಿದರು, ಸವರುತ್ತಿದ್ದ ಕೈ ಅಲ್ಲೇ ನಿಂತಿತು. ನಾನು ಕಿಟಕಿಯ ಕಡೆ ಮುಖ ಮಾಡಿ ಕಣ್ಣೊರೆಸಿಕೊಂಡೆ. ಈ ಸಲ ಅಜ್ಜಿ ನನ್ನನ್ನು ಗದರಲಿಲ್ಲ.

ನೋಟರಿ ಬಂದರು, ಜೊತೆಗೆ ಇನ್ನೊಬ್ಬ ಸಾಕ್ಷಿ. ಎದುರುಮನೆಯಾಕೆಯನ್ನು ನೋಡಿ, 'ಸುಮಿಮಾಸೆನ್', ಕ್ಷಮಿಸಿ ಎಂದು ತಲೆಬಾಗಿ, ಉಯಿಲು ಹೇಳುವಾಗ ಬೇರೆಯವರು ಕೋಣೆಯಲ್ಲಿ ಇರದಿದ್ದರೆ ಒಳ್ಳೆಯದು ಎಂದರು. ಬಂದವರು ಊರುಗೋಲು ತೆಗೆದುಕೊಂಡು ನಿಧಾನವಾಗಿ ಬಾಗಿಲವರೆಗೆ ಹೋದರು. ಅಲ್ಲಿ ತಿರುಗಿ, ಸೊಂಟ ಬಾಗಿಸಿ, ಚಿಕ್ಕವರು ದೊಡ್ಡವರಿಗೆ ಬಾಗುವಷ್ಟು ಬಾಗಿಸಿ,

"ನೇಸಾನ್, ನಾನು ಹೊರಗಿರ್ತೀನಿ," ಎಂದರು.

ಬಾಗಿಲು ಮುಚ್ಚಿತು. ನೋಟರಿ ಹೋದ ವಾರದ ಹಾಳೆ ತೆಗೆದು, ಜರಡಿ, ತಟ್ಟೆ, ಗುದ್ದಲಿ ಎಲ್ಲವನ್ನೂ ಗಂಭೀರವಾಗಿ ಓದಿದರು.

"ಕಲ್ಲಿನ ಒರಳು, ಒಂದು. ಯಾರಿಗೆ?"

ಅಜ್ಜಿ ಪೂರ್ತಿ ಹೆಸರು ಹೇಳಿದರು. ಊರು, ಹಟ್ಟಿ, ಮನೆಯ ನಂಬರು, ರಸ್ತೆಯ ಯಾವ ಬದಿ ಎಂಬುದನ್ನೂ ತಪ್ಪಿಲ್ಲದೆ ಹೇಳಿದರು. ನೋಟರಿ ಬರೆದುಕೊಂಡರು, ಮತ್ತೊಮ್ಮೆ ಓದಿದರು, ಅಜ್ಜಿ ಹೌದೆಂದರು. ಸಹಿ ಹಾಕಿ ಮೊಹರು ಒತ್ತಿದರು. ನಾನೂ ಒತ್ತಿದೆ. ಮುಗಿಯಿತು ಎಂದು ನೋಟರಿ ಪೆನ್ನು ಜೇಬಿಗಿಟ್ಟುಕೊಂಡರು.

ಅಜ್ಜಿ ದಿಂಬಿಗೆ ಒರಗಿ ಬಾಗಿಲನ್ನೇ ನೋಡುತ್ತಿದ್ದರು.

"ಇಂದೋ-ಸಾನ್, ಓಡು, ಅವ್ಳನ್ನ ಒಳೀಕೆ ಕರ್ಕೊಂಡ್ ಬಾ. ಕಾರಿಡಾರಲ್ಲಿ ಚಳಿ ಐತೆ," ಎಂದರು. "ಚಿಕ್ಕೋಳು, ತಡ್ಕೊಳಾಕಿಲ್ಲ."